ಹಾಲು ನಮಗೆ, ಕರು ಯಾರಿಗೆ?

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಏನು ತಪ್ಪಿದರೂ ಬೆಳಗಿನ ಹಾಲು ತಪ್ಪುವಂತಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಮುನಿಸಿಪಾಲಿಟಿಯನ್ನು ಬೈದು ಸುಮ್ಮನಾಗುತ್ತೇವೆ. ಲೋಕಲ್ ಗಾಡಿ ತಡವಾದರೆ ಹಣೆಬರಹವೆಂದು ನಿಂತುಕೊಳ್ಳುತ್ತೇವೆ. ಹಾಲು ಅರ್ಧ ತಾಸು ತಡವಾದರೆ ಮಾತ್ರ ಮನೆಯೇ ತಲೆಕೆಳಗಾಗುತ್ತದೆ. ಹಾಲಿಗೆ ನೀರು ಬೆರೆತಿದೆಯೇ, ಕೆನೆ ಕಟ್ಟುತ್ತದೆಯೇ, ಬೆಲೆ ಮತ್ತೆ ಏರಿತೇ ಎಂದು ವಿಚಾರಿಸುವುದರಲ್ಲಿ ನಮ್ಮ ಗೃಹಿಣಿಯರು ಯಾವ ವಕೀಲರಿಗೂ ಕಡಿಮೆಯಲ್ಲ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಹಾಲು ಯಾವ ಕರುವಿಗಾಗಿ ಕೆಚ್ಚಲಿಗೆ ಇಳಿಯಿತೋ ಆ ಕರು ಈಗ ಎಲ್ಲಿದೆ?

ಹಸುವಾಗಲಿ ಎಮ್ಮೆಯಾಗಲಿ ಹುಲ್ಲು ತಿಂದ ಮಾತ್ರಕ್ಕೆ ಹಾಲು ಕೊಡುವುದಿಲ್ಲ; ಕರು ಹಾಕಿದ ಮೇಲೆ ಕೊಡುತ್ತದೆ. ಪ್ಲಾಸ್ಟಿಕ್ ಚೀಲದ ತುದಿ ಕತ್ತರಿಸಿದರೆ ಹಾಲು ಬರುವ ಈ ಊರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಇದು ತಿಳಿಯದಿದ್ದರೆ ಅದು ಅವರ ತಪ್ಪಲ್ಲ. ಊರಿನ ಕೊಟ್ಟಿಗೆಯನ್ನು ಕಂಡ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದವರೂ ಕೇಳುವುದಿಲ್ಲವಾದುದರಿಂದಲೇ ಈ ಲೇಖನ ಬರೆಯಬೇಕಾಗಿದೆ. ನನ್ನ ವಾದ ಇಷ್ಟೇ: ಈದ ತಾಯಿಯ ಬಳಿ ಅದರ ಕರು ಇರಬೇಕು, ಕರು ಉಂಡು ಮಿಕ್ಕದ್ದು ನಮ್ಮದಾಗಬೇಕು, ಅದರಿಂದ ಹೆಚ್ಚುವ ಖರ್ಚನ್ನು ಹಾಲು ಕುಡಿಯುವ ನಾವು ಕೊಡಬೇಕು. ಹಾಲನ್ನೇ ಬಿಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಕಾಫಿಗೆ ಬೆಂಕಿ ಹಚ್ಚಲು ಬಂದವನೆಂದು ಯಾರೂ ಗಾಬರಿಪಡಬೇಕಾಗಿಲ್ಲ.

ಮೊದಲು ನಮ್ಮ ನಗರದ ಹಾಲಿನ ಕತೆಯನ್ನು ನೋಡೋಣ. ಒಂದು ಕಾಲಕ್ಕೆ ಮುಂಬಯಿಯ ಓಣಿ ಓಣಿಗಳಲ್ಲಿ ತಬೇಲಾಗಳಿದ್ದವು. ಊರಿನ ನಡುವಿನ ಕೊಳಕು ತಪ್ಪಲಿ, ಜನರಿಗೆ ಶುದ್ಧವಾದ ಹಾಲು ಸಿಗಲಿ ಎಂದು ಸರಕಾರ ೧೯೪೯ರಲ್ಲಿ ಗೋರೆಗಾಂವದ ಬಳಿ ಆರೆ ಹಾಲಿನ ಕಾಲನಿಯನ್ನು ತೆರೆದು ಸಾವಿರಾರು ಎಮ್ಮೆಗಳಿಗೆ ಅಲ್ಲಿ ಕೊಟ್ಟಿಗೆ ಕಟ್ಟಿಸಿತು. ಅಲ್ಲಿಯೂ ಜೋಗೇಶ್ವರಿಯಂಥ ಉಪನಗರಗಳಲ್ಲಿಯೂ ತಬೇಲಾಗಳು ಇಂದಿಗೂ ಇವೆ. ತಬೇಲಾದ ಎಮ್ಮೆ ಸಾಮಾನ್ಯವಾಗಿ ಇಲ್ಲಿ ಹುಟ್ಟಿದ್ದಲ್ಲ. ಹರಿಯಾಣದ ಮುರ್ರಾ, ಗುಜರಾತಿನ ಜಾಫರಾಬಾದಿ, ಮೆಹಸಾಣಾ ತಳಿಗಳ ಎಮ್ಮೆಗಳನ್ನು ಕರು ಹಾಕುವ ಹೊತ್ತಿಗೆ ಅಥವಾ ಹಾಕಿದ ಬೆನ್ನಿಗೇ ಕೊಂಡು ತರುತ್ತಾರೆ. ಹಾಲು ಇರುವಷ್ಟು ತಿಂಗಳು ಕರೆಯುತ್ತಾರೆ. ಬತ್ತಿದ ಮೇಲೆ ಈ ನಗರದ ಜಾಗದಲ್ಲಿ, ಈ ನಗರದ ಮೇವಿನ ಬೆಲೆಯಲ್ಲಿ ಅದನ್ನು ಸಾಕುವುದು ಗಿಟ್ಟದ ಮಾತು; ಮಾರಿಬಿಡುತ್ತಾರೆ, ಎಷ್ಟೋ ಸಲ ಕಟುಕನಿಗೆ.

ಈ ಲೆಕ್ಕದಲ್ಲಿ ಕರುವಿಗೆ ಜಾಗವೆಲ್ಲಿ? ಅದು ಕುಡಿಯುವ ಒಂದೊಂದು ಲೀಟರೂ ಮಾರಬಹುದಾದ ಹಾಲು. ಹೆಣ್ಣು ಕರುವಾದರೆ ಮೂರು ನಾಲ್ಕು ವರ್ಷ ಸಾಕಿದ ಮೇಲೆ ಫಲ. ಅಷ್ಟು ಕಾಲ ಕಾಯುವ ವ್ಯವಧಾನ ತಬೇಲಾಕ್ಕಿಲ್ಲ. ಗಂಡು ಕರುವಾದರೆ ಆ ಫಲವೂ ಇಲ್ಲ. ಅದನ್ನು ಯಾರೂ ಕತ್ತಿ ಹಿಡಿದು ಕೊಲ್ಲಬೇಕಾಗಿಲ್ಲ. ಮೂಲೆಯಲ್ಲಿ ಮೊಳದುದ್ದದ ಹಗ್ಗಕ್ಕೆ ಕಟ್ಟಿ ಹೊಟ್ಟೆಗೆ ಕೊಡದಿದ್ದರೆ ಸಾಕು, ಕೆಲವು ದಿನಗಳಲ್ಲಿ ಕೆಲಸ ತಾನಾಗಿಯೇ ಮುಗಿಯುತ್ತದೆ. ಎಲ್ಲ ಯಜಮಾನರೂ ಹೀಗೆ ಮಾಡುತ್ತಾರೆಂದು ನಾನು ಹೇಳುವುದಿಲ್ಲ. ಕರುಗಳನ್ನು ಕಣ್ಣಿನಂತೆ ನೋಡಿಕೊಳ್ಳುವವರೂ ಇದ್ದಾರೆ. ಆದರೆ ವ್ಯಾಪಾರದ ಲೆಕ್ಕ ಕರುವಿಗೆ ವಿರುದ್ಧವಾಗಿರುವಲ್ಲಿ ಒಬ್ಬೊಬ್ಬರ ಒಳ್ಳೆಯತನವನ್ನು ನೆಚ್ಚಿಕೊಂಡು ಕುಳಿತರೆ ಆಗದು.

ಹೊಟ್ಟೆಕಿಚ್ಚಿನ ಮಾತೆಂದು ಯಾರಾದರೂ ಹೇಳಿಯಾರು. ಸರಕಾರದ ಲೆಕ್ಕವನ್ನೇ ಮುಂದಿಡುತ್ತೇನೆ. ೨೦೧೯ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಎಮ್ಮೆ ಕೋಣಗಳೆಲ್ಲ ಸೇರಿ ಸುಮಾರು ೧೦ ಕೋಟಿ ೯೮ ಲಕ್ಷ. ಅವುಗಳಲ್ಲಿ ಹೆಣ್ಣು ಹತ್ತು ಕೋಟಿಗೂ ಮೇಲೆ. ಗಂಡು ಒಂದು ಕೋಟಿಯೂ ಇಲ್ಲ. ಪ್ರಕೃತಿ ಗಂಡು ಹೆಣ್ಣುಗಳನ್ನು ಸರಿಸುಮಾರು ಸಮನಾಗಿಯೇ ಹುಟ್ಟಿಸುತ್ತದೆ. ಹಾಗಾದರೆ ಉಳಿದ ಗಂಡು ಕರುಗಳು ಎಲ್ಲಿ ಹೋದವು? ಕೆಲವು ಮಾಂಸದ ಪೇಟೆಗೆ ಹೋದವು. ಎಷ್ಟೋ ಅಲ್ಲಿಯ ತನಕವೂ ಬದುಕಲಿಲ್ಲ. ಹಾಲಿನ ಉತ್ಪಾದನೆಯಲ್ಲಿ ಜಗತ್ತಿಗೇ ನಾವು ಮೊದಲಿಗರೆಂದು ಹೆಮ್ಮೆಪಡುವಾಗ ಈ ಅಂಕಿಯನ್ನೂ ಅದರ ಪಕ್ಕದಲ್ಲಿ ಬರೆದಿಡುವುದು ನ್ಯಾಯ.

ಕರುವನ್ನು ಕಳೆದುಕೊಂಡ ಎಮ್ಮೆ ಹಾಲು ಕೊಡುವುದೆಂತು ಎಂದು ಹಳ್ಳಿಯಲ್ಲಿ ಬೆಳೆದವರು ಕೇಳಬಹುದು. ಸರಿಯಾದ ಪ್ರಶ್ನೆ. ಎಮ್ಮೆಯ ಕೆಚ್ಚಲಿನ ಕೆಳಭಾಗದಲ್ಲಿ ಬಂದು ನಿಲ್ಲುವ ಹಾಲು ತೀರ ಸ್ವಲ್ಪ. ಉಳಿದದ್ದೆಲ್ಲ ಮೇಲಿನ ಸಣ್ಣ ಸಣ್ಣ ಕೋಶಗಳಲ್ಲಿ ಇರುತ್ತದೆ. ಕರು ಬಂದು ಮೂಸಿ, ಗುದ್ದಿ, ಮೊಲೆಗೆ ಬಾಯಿ ಹಾಕಿದಾಗ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ. ಅದು ಕೆಚ್ಚಲನ್ನು ತಲುಪಿದಾಗ ಕೋಶಗಳು ಹಿಂಡಿದಂತಾಗಿ ಹಾಲು ಕೆಳಗಿಳಿಯುತ್ತದೆ. ಇದನ್ನೇ ನಮ್ಮ ಹಿರಿಯರು ಸೊರೆ ಬಿಡುವುದು ಎನ್ನುತ್ತಿದ್ದರು. ತಲೆಮಾರುಗಳಿಂದ ಕರುವಿಲ್ಲದೆ ಕರೆಸಿಕೊಳ್ಳುವಂತೆ ಆರಿಸಿ ಬೆಳೆಸಿದ ವಿಲಾಯತಿ ಹಸು ಕೈಗೂ ಯಂತ್ರಕ್ಕೂ ಸೊರೆ ಬಿಡುತ್ತದೆ. ನಮ್ಮ ನಾಟಿ ಹಸು, ನಮ್ಮ ಎಮ್ಮೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅವಕ್ಕೆ ಕರು ಬೇಕು.

ಕರುವನ್ನು ಕೊಡದೆ ಹಾಲನ್ನು ಪಡೆಯಲು ಮನುಷ್ಯ ಏನೇನು ಉಪಾಯ ಮಾಡಿದ್ದಾನೆಂದು ಹೇಳಲು ನಾಚಿಕೆಯಾಗುತ್ತದೆ. ಸತ್ತ ಕರುವಿನ ಚರ್ಮ ಸುಲಿದು ಒಳಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವುದು ಒಂದು. ತಾಯಿ ಅದನ್ನು ನೆಕ್ಕುತ್ತದೆ, ನೆಕ್ಕುತ್ತ ಹಾಲಿಳಿಸುತ್ತದೆ. ಎಮ್ಮೆಯ ಹಿಂಭಾಗದ ಗುಹ್ಯದೊಳಕ್ಕೆ ಗಾಳಿ ಊದಿಯೋ ಏನಾದರೂ ತುರುಕಿಯೋ ಹಾಲಿಳಿಸುವ ಫೂಕಾ ಎಂಬ ಕ್ರೌರ್ಯ ಇನ್ನೊಂದು. ಕಲ್ಕತ್ತೆಯಲ್ಲಿ ಇದು ನಡೆಯುವುದನ್ನು ಓದಿ ತಿಳಿದದ್ದು ಗಾಂಧೀಜಿಯವರು ಹಾಲನ್ನು ತೊರೆಯಲು ಒಂದು ಕಾರಣವಾಯಿತು. ೧೯೧೨ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಹಾಲು ಬಿಟ್ಟರು. ಮುಂದೆ ಕಾಯಿಲೆಯಲ್ಲಿ ನರಳುವಾಗ ಕಸ್ತೂರಬಾ ಅವರ ಒತ್ತಾಯಕ್ಕೆ ಮಣಿದು ಆಡಿನ ಹಾಲು ಕುಡಿದರೇ ಹೊರತು ಹಸು ಎಮ್ಮೆಗಳ ಹಾಲಿಗೆ ಮರಳಲಿಲ್ಲ. ಮೂರನೆಯ ಉಪಾಯ ನಮ್ಮ ಕಾಲದ್ದು: ಅದೇ ಆಕ್ಸಿಟೋಸಿನ್ ರಸವನ್ನು ಸೂಜಿಯಿಂದ ಚುಚ್ಚುವುದು. ಕರು ಮಾಡುವ ಕೆಲಸವನ್ನು ಸೂಜಿ ಮಾಡಿದ ಮೇಲೆ ಕರುವಿನ ಅಗತ್ಯವೇನು?

ಕಾನೂನು ಇಲ್ಲವೆಂದಲ್ಲ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ೧೨ನೆಯ ವಿಧಿ ಫೂಕಾವನ್ನೂ, ಹಾಲು ಹೆಚ್ಚಿಸಲು ಪ್ರಾಣಿಯ ಆರೋಗ್ಯಕ್ಕೆ ಕೆಡುಕಾಗುವಂಥದನ್ನು ಚುಚ್ಚುವುದನ್ನೂ ಅಪರಾಧವೆಂದು ಸಾರುತ್ತದೆ. ಸಾವಿರ ರೂಪಾಯಿಯವರೆಗೆ ದಂಡ, ಎರಡು ವರ್ಷದವರೆಗೆ ಸೆರೆ ಎಂದು ಬರೆದಿದೆ. ೨೦೧೮ರಲ್ಲಿ ಕೇಂದ್ರ ಸರಕಾರ ಖಾಸಗಿ ಕಂಪನಿಗಳು ಈ ದೇಶದ ಉಪಯೋಗಕ್ಕಾಗಿ ಆಕ್ಸಿಟೋಸಿನ್ ತಯಾರಿಸಬಾರದೆಂದು ಆದೇಶ ಹೊರಡಿಸಿತು. ಹೆರಿಗೆಯ ರಕ್ತಸ್ರಾವ ನಿಲ್ಲಿಸಲು ಬಾಣಂತಿಯರಿಗೆ ಅತ್ಯಗತ್ಯವಾದ ಮದ್ದು ಅದು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ನ್ಯಾಯಾಲಯ ಮಾಡಿದ್ದು ಸರಿಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದುಂಟೆ? ರೋಗ ಇರುವುದು ಮದ್ದಿನಂಗಡಿಯಲ್ಲಲ್ಲ, ಕರುವಿಲ್ಲದ ಕೊಟ್ಟಿಗೆಯಲ್ಲಿ.

ಇಷ್ಟು ಹೇಳುವಷ್ಟರಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ. ಒಂದೊಂದಾಗಿ ನೋಡೋಣ.

“ನಮ್ಮದು ಗೋವನ್ನು ಪೂಜಿಸುವ ಸಂಸ್ಕೃತಿ, ನಮಗೆ ಈ ಪಾಠ ಬೇಕೆ?” ಎನ್ನುವವರು ಮೊದಲಿಗರು. ಸ್ವಾಮಿ, ಆ ಸಂಸ್ಕೃತಿಯ ಮಾತನ್ನೇ ಕೇಳೋಣ. ದಾನಕ್ಕೆ ಕೊಡುವ ಹಸು ಸವತ್ಸ ಧೇನುವಾಗಿರಬೇಕು, ಎಂದರೆ ಕರುವಿನೊಡನೆ ಇರಬೇಕು. ಇಲ್ಲಿ ಮಹಾರಾಷ್ಟ್ರದಲ್ಲಿ ದೀಪಾವಳಿಯ ಮೊದಲ ದಿನ ಆಚರಿಸುವ ವಸುಬಾರಸ್, ನಾವು ಗೋವತ್ಸ ದ್ವಾದಶಿ ಎನ್ನುವ ದಿನ, ಪೂಜೆ ನಡೆಯುವುದು ಹಸು ಕರು ಎರಡಕ್ಕೂ. ಅಂದು ಅನೇಕ ಹೆಂಗಸರು ಹಾಲನ್ನೂ ಹಾಲಿನಿಂದಾದ ಪದಾರ್ಥಗಳನ್ನೂ ಮುಟ್ಟುವುದಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಕುಡಿಯಬಾರದ ಹಾಲುಗಳ ಪಟ್ಟಿಯೊಂದಿದೆ. ಈದು ಹತ್ತು ದಿನ ತುಂಬದ ಹಸುವಿನ ಹಾಲು ಅದರಲ್ಲಿ ಸೇರಿದೆ. ಕರುವಿಲ್ಲದ ಹಸುವಿನ ಹಾಲೂ ಸೇರಿದೆ. ಮನುವಿನ ಬೇರೆ ಮಾತುಗಳ ಬಗ್ಗೆ ನನಗೆ ತಕರಾರುಗಳು ಬೇಕಾದಷ್ಟಿವೆ. ಆದರೆ ಶಾಸ್ತ್ರದ ಹೆಸರಿನಲ್ಲಿ ನಮ್ಮ ಬಾಯಿ ಮುಚ್ಚಿಸಲು ಬರುವವರು ಶಾಸ್ತ್ರದಲ್ಲಿರುವ ಈ ಮಾತನ್ನು ಮೊದಲು ಓದಿಕೊಂಡು ಬರಲಿ.

ಇನ್ನು ಗೋವಿನ ಹಾಡು. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಮಕ್ಕಳು ಪುಣ್ಯಕೋಟಿಯ ವೇಷ ಹಾಕಿದಾಗ ಕಣ್ಣೊರೆಸಿಕೊಳ್ಳದ ತಾಯಂದಿರಿಲ್ಲ. ಆ ಕತೆಯಿಂದ ನಾವು ಕಲಿತದ್ದು ಸತ್ಯದ ಪಾಠವನ್ನು, ಒಳ್ಳೆಯದೇ. ಆದರೆ ಆ ಹಸು ಹುಲಿಯ ಬಳಿ ಬೇಡಿದ್ದೇನು? ತನ್ನ ಪ್ರಾಣವನ್ನಲ್ಲ. ಹಸಿದ ಕರುವಿಗೆ ಮೊಲೆಯುಣಿಸಿ ಬರುವಷ್ಟು ಹೊತ್ತನ್ನು. ಹಸಿದ ಹುಲಿಯೂ ಆ ಹೊತ್ತನ್ನು ಕೊಟ್ಟಿತು. ಹಾಡು ಕೇಳಿ ಮನೆಗೆ ಹೋಗಿ ಕಾಫಿ ಕುಡಿಯುವ ನಾವು ಅಷ್ಟನ್ನೂ ಕೊಡಲಾರೆವಾದರೆ ಆ ಹುಲಿಗಿಂತ ಯಾವುದರಲ್ಲಿ ಮೇಲು? ಅದು ಹಸುವಿನ ಕತೆ, ತಬೇಲಾದಲ್ಲಿರುವುದು ಎಮ್ಮೆ ಎಂದು ನುಣುಚಿಕೊಳ್ಳುವವರೂ ಇದ್ದಾರೆ. ಹಾಲು ಕುಡಿಯುವಾಗ ಎಮ್ಮೆಯದಾದರೆ ಇನ್ನೂ ಒಳ್ಳೆಯದು, ಕೆನೆ ದಪ್ಪ. ದಯೆ ತೋರುವಾಗ ಮಾತ್ರ ಎಮ್ಮೆ ಬೇರೆ ಜಾತಿ! ಕರುವಿನ ಹಸಿವಿಗೆ ಜಾತಿಯಿಲ್ಲ.

ಎರಡನೆಯವರು ಹಿಂದಿನ ಕಾಲವನ್ನು ಹೊಗಳುವವರು. “ನಮ್ಮ ಅಜ್ಜನ ಕಾಲದಲ್ಲಿ ಹೀಗಿರಲಿಲ್ಲ, ನಾಲ್ಕು ಮೊಲೆಯಲ್ಲಿ ಒಂದನ್ನು ಕರುವಿಗೇ ಬಿಡುತ್ತಿದ್ದರು” ಎಂದು ಅವರು ನಿಟ್ಟುಸಿರು ಬಿಡುತ್ತಾರೆ. ಬಿಡುತ್ತಿದ್ದುದು ನಿಜ. ಏಕೆ ಬಿಡುತ್ತಿದ್ದರು ಎಂಬುದನ್ನೂ ಹೇಳಬೇಕು. ಅಂದು ಗಂಡು ಕರು ನಾಳೆಯ ಎತ್ತು. ಎತ್ತಿಲ್ಲದೆ ನೇಗಿಲಿಲ್ಲ, ಗಾಡಿಯಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಮೈಸೂರಿನ ದನಗಳ ಇಲಾಖೆಯನ್ನೇ ನೋಡಿ. ತೋಪು ಎಳೆಯುವ, ದಂಡಿನ ಸಾಮಾನು ಹೊರುವ ಎತ್ತುಗಳಿಗಾಗಿ ಬೆಳೆದ ತಳಿ ಅದು. ಕರುವಿನ ಬೆಳವಣಿಗೆಗೇ ಅಲ್ಲಿ ಮೊದಲ ಗಮನ. ಆ ಕಾಲದಲ್ಲಿ ಕರುವಿಗೆ ದಯೆ ಸಿಕ್ಕಿತು ಎನ್ನುವುದಕ್ಕಿಂತ ಕರುವಿಗೆ ಬೆಲೆಯಿತ್ತು ಎನ್ನುವುದೇ ಸರಿ. ಟ್ರ್ಯಾಕ್ಟರು ಬಂತು, ಲಾರಿ ಬಂತು, ಬೆಲೆ ಹೋಯಿತು. ಬೆಲೆಯ ಜತೆಗೇ ಆ ದಯೆಯೂ ಹೋಯಿತು. ಆದುದರಿಂದ ಅಜ್ಜನ ಕಾಲ ತಾನಾಗಿ ಹಿಂದಿರುಗುತ್ತದೆಂದು ಕಾಯುವುದು ವ್ಯರ್ಥ. ಕರುವಿಗೆ ಮತ್ತೆ ಬೆಲೆ ಬರಬೇಕಾದರೆ ಆ ಬೆಲೆಯನ್ನು ನಾವು ಕಟ್ಟಬೇಕು.

ಮೂರನೆಯವರು ವಿಜ್ಞಾನದ ಹೆಸರು ಹೇಳುವವರು. ಹುಟ್ಟಿದ ಗಂಟೆಗಳಲ್ಲೇ ಕರುವನ್ನು ಬೇರೆ ಮಾಡಿ ಬಾಟಲಿಯಿಂದಲೋ ಬಕೆಟ್ಟಿನಿಂದಲೋ ಹಾಲು ಕುಡಿಸುವುದು ಆಧುನಿಕ ಪದ್ಧತಿ. ಹಾಗೆ ಮಾಡಿದರೆ ರೋಗ ಹರಡುವುದಿಲ್ಲ, ತಾಯಿಗೂ ಕರುವಿಗೂ ಬಾಂಧವ್ಯ ಬೆಳೆಯದಿರುವುದರಿಂದ ದುಃಖವೂ ಕಡಿಮೆ ಎಂದು ಅವರ ವಾದ. ದೊಡ್ಡ ದೊಡ್ಡ ಡೇರಿ ಫಾರ್ಮುಗಳಲ್ಲಿ ನಡೆಯುತ್ತಿರುವುದು ಇದೇ. ಆದರೆ ಈ ಪದ್ಧತಿಯನ್ನು ಹುಟ್ಟಿಸಿದ ಪಶ್ಚಿಮದಲ್ಲಿಯೇ ಇಂದು ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಈ ವಿಷಯದಲ್ಲಿ ಅದುವರೆಗೆ ನಡೆದಿದ್ದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಒಂದು ಸಮೀಕ್ಷೆ ೨೦೧೯ರಲ್ಲಿ ಅಮೆರಿಕದ ಹೈನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೇಗನೆ ಬೇರ್ಪಡಿಸಿದರೆ ತಾಯಿ ಕರುಗಳ ಆರೋಗ್ಯಕ್ಕೆ ಒಳಿತು ಎಂಬುದಕ್ಕೆ ಒಟ್ಟಾರೆಯಾಗಿ ಆಧಾರ ಕಾಣುವುದಿಲ್ಲ ಎಂದು ಅದು ಹೇಳಿತು. ೨೦೨೩ರಲ್ಲಿ ಐರೋಪ್ಯ ಒಕ್ಕೂಟದ ಆಹಾರ ಸುರಕ್ಷತಾ ಸಂಸ್ಥೆ, ಕರು ಕನಿಷ್ಠ ಒಂದು ದಿನವಾದರೂ ತಾಯಿಯೊಡನೆ ಇರಲೇಬೇಕು, ಮುಂದಕ್ಕೆ ಇನ್ನೂ ಹೆಚ್ಚು ಕಾಲ ಜತೆಯಲ್ಲಿಡುವ ಪದ್ಧತಿಯತ್ತ ಹೆಜ್ಜೆ ಹಾಕಬೇಕು ಎಂದು ಅಭಿಪ್ರಾಯ ಕೊಟ್ಟಿತು. ಸ್ಕಾಟ್ಲೆಂಡಿನ ಗ್ಯಾಲೋವೇ ಪ್ರಾಂತದಲ್ಲಿ ಒಂದು ಫಾರ್ಮ್ ೨೦೧೨ರಲ್ಲಿ ಕರುಗಳನ್ನು ತಾಯಂದಿರ ಜತೆಯಲ್ಲೇ ಬಿಟ್ಟು ನೋಡಿತು. ಕೈಸುಟ್ಟುಕೊಂಡು ನಿಲ್ಲಿಸಿತು. ಆದರೂ ಛಲ ಬಿಡದೆ ೨೦೧೬ರಲ್ಲಿ ಮತ್ತೆ ಆರಂಭಿಸಿ ಮುಂದುವರಿಸಿತು.

ದುಃಖದ ವಾದದಲ್ಲಿ ಸ್ವಲ್ಪ ಸತ್ಯವಿದೆ, ಅದನ್ನು ಮುಚ್ಚಿಡಬಾರದು. ಹಲವು ದಿನ ಜತೆಗಿದ್ದ ತಾಯಿ ಕರುಗಳನ್ನು ಒಮ್ಮೆಗೇ ಅಗಲಿಸಿದರೆ ಅವು ಹೆಚ್ಚು ಕೂಗುತ್ತವೆ. ಅದಕ್ಕೆ ಉತ್ತರ ಹುಟ್ಟಿದ ದಿನವೇ ಅಗಲಿಸುವುದಲ್ಲ, ಮೆಲ್ಲಗೆ ಬಿಡಿಸುವುದು. ದಿನದ ಕೆಲವು ಹೊತ್ತು ಕರುವನ್ನು ತಾಯಿಯ ಬಳಿ ಬಿಟ್ಟು, ಕೆಲವು ಹೊತ್ತು ಬೇರೆ ಕಟ್ಟಿ, ಅದು ಮೇವು ಕಚ್ಚಲು ಕಲಿತಂತೆ ಹಾಲನ್ನು ಕಡಿಮೆ ಮಾಡುತ್ತ ಬರುವುದು. ಇದನ್ನು ಪಶ್ಚಿಮದವರು ಹೊಸ ವಿಧಾನವೆಂದು ಪ್ರಯೋಗಿಸುತ್ತಿದ್ದಾರೆ. ನಮ್ಮ ಹಳ್ಳಿಯ ಹೆಂಗಸರಿಗೆ ಇದು ಓದುಬರಹ ಬಾರದಿದ್ದಾಗಲೂ ಬರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಕರು ಉಣ್ಣುವ ಹಸುಗಳಲ್ಲಿ ಕೆಚ್ಚಲು ಬಾವು ಕಡಿಮೆಯೆಂದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿರುವುದನ್ನೂ ಹೈನುಗಾರರು ಗಮನಿಸಬೇಕು.

ಮೊದಲ ದಿನದ ಹಾಲಿನ ಮಾತನ್ನಂತೂ ಪ್ರತ್ಯೇಕವಾಗಿ ಹೇಳಬೇಕು. ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿ ಬಸಿರಿನಲ್ಲಿರುವಾಗಲೇ ತಾಯಿಯ ರಕ್ತದಿಂದ ಒಂದಿಷ್ಟು ಬರುತ್ತದೆ. ಕರುವಿಗೆ ಹಾಗೆ ಬರುವುದಿಲ್ಲ. ಅದು ಬರಿಗೈಯಲ್ಲಿ ಹುಟ್ಟುತ್ತದೆ. ಆ ಶಕ್ತಿ ಸಿಗುವುದು ಗಿಣ್ಣದ ಹಾಲಿನಿಂದ ಮಾತ್ರ. ಅದೂ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಕುಡಿದರೆ; ಒಂದು ದಿನ ಕಳೆದ ಮೇಲೆ ಕರುಳು ಅದನ್ನು ಹೀರಿಕೊಳ್ಳಲಾರದು. ಹೀಗಿರುವಾಗ ಇಲ್ಲಿಯ ಡೇರಿಯಂಗಡಿಗಳಲ್ಲಿ ಖರ್ವಸ್ ಎಂದು ತಟ್ಟೆಯಲ್ಲಿ ಕತ್ತರಿಸಿ ಮಾರುವ ಸಿಹಿಯನ್ನು ನಾವು ಸಾಲುಗಟ್ಟಿ ಕೊಳ್ಳುತ್ತೇವೆ. ಗಿಣ್ಣ ನಮ್ಮ ಊರಿನಲ್ಲೂ ತಿನ್ನುತ್ತಿದ್ದೆವಲ್ಲ ಎನ್ನುವಿರಿ. ತಿನ್ನುತ್ತಿದ್ದೆವು, ಕರು ಹೊಟ್ಟೆ ತುಂಬ ಕುಡಿದು ಮಿಕ್ಕದ್ದನ್ನು. ಒಂದು ಕರುವಿಗೆ ಬೇಕಾದುದಕ್ಕಿಂತ ಹೆಚ್ಚು ಗಿಣ್ಣ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮಿಕ್ಕದ್ದನ್ನು ತಿನ್ನುವುದಕ್ಕೂ ಮೊದಲ ತುತ್ತನ್ನೇ ಕಸಿಯುವುದಕ್ಕೂ ವ್ಯತ್ಯಾಸವಿದೆ.

ನಾಲ್ಕನೆಯದು, ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು, ಖರ್ಚಿನ ಪ್ರಶ್ನೆ. ಅದಕ್ಕೆ ಭಾವುಕತೆಯಿಂದ ಉತ್ತರಿಸಬಾರದು, ಲೆಕ್ಕದಿಂದ ಉತ್ತರಿಸಬೇಕು. ಹತ್ತು ತಿಂಗಳು ಹಾಲು ಕೊಡುವ, ದಿನಕ್ಕೆ ಸರಾಸರಿ ೮ ಲೀಟರಿನ ಒಂದು ಎಮ್ಮೆ ಎಂದಿಟ್ಟುಕೊಳ್ಳಿ. ಒಟ್ಟು ೨,೪೦೦ ಲೀಟರ್. ಕರುವಿಗೆ ಮೈತೂಕದ ಹತ್ತನೆಯ ಒಂದು ಪಾಲು ಹಾಲು ಬೇಕೆಂಬುದು ಪಶುವೈದ್ಯರ ಸಾಮಾನ್ಯ ಸೂತ್ರ. ಮೂವತ್ತು ಕಿಲೊ ತೂಗುವ ಕರುವಿಗೆ ಮೂರು ಲೀಟರಾಯಿತು. ಬೆಳೆಯುವ ಕರು, ನಾಲ್ಕೆಂದೇ ಹಿಡಿಯೋಣ. ಮೂರು ತಿಂಗಳಿಗೆ ೩೬೦ ಲೀಟರ್. ಮಾರಲು ಉಳಿದದ್ದು ೨,೦೪೦. ಯಜಮಾನನ ಗಲ್ಲಾಪೆಟ್ಟಿಗೆಗೆ ಮೊದಲಿನಷ್ಟೇ ದುಡ್ಡು ಬೀಳಬೇಕಾದರೆ ಹಾಲಿನ ಬೆಲೆ ರೂಪಾಯಿಗೆ ಹದಿನೆಂಟು ಪೈಸೆ ಏರಬೇಕು. ಕರುವಿನ ಮೇವು, ಜಾಗ ಬೇರೆ, ಒಪ್ಪುತ್ತೇನೆ. ಆದರೂ ಒಂದು ಜೀವದ ಮೊದಲ ಮೂರು ತಿಂಗಳ ಅನ್ನದ ಬೆಲೆ ಇಷ್ಟು: ನೂರು ರೂಪಾಯಿಯ ಹಾಲಿಗೆ ಹದಿನೆಂಟು ರೂಪಾಯಿ. ಚಾಳಿನ ಒಂದು ಕೋಣೆಯಲ್ಲಿ ಮಕ್ಕಳನ್ನು ಸಾಕುವ ಸಂಸಾರವನ್ನು ಇದನ್ನು ಕೊಡಿ ಎಂದು ನಾನು ಕೇಳುವುದಿಲ್ಲ. ಅವರ ಮಕ್ಕಳಿಗೇ ಹಾಲು ಸಾಲದು. ಮದುವೆ ಮುಂಜಿಗೆ ಹಾಲು ಮಾತ್ರವಲ್ಲ, ಹಣವನ್ನೂ ನೀರಿನಂತೆ ಹರಿಸುವ ನಮ್ಮ ಅನುಕೂಲಸ್ಥರನ್ನು ಕೇಳುತ್ತೇನೆ. ತಬೇಲಾದ ಯಜಮಾನನೊಬ್ಬನೇ ಈ ನಷ್ಟ ಹೊರಲಿ, ನಮಗೆ ಮಾತ್ರ ಅಗ್ಗದ ಹಾಲೂ ಬೇಕು ಪುಣ್ಯವೂ ಬೇಕು ಎನ್ನುವುದು ಯಾವ ನ್ಯಾಯ?

ಗಂಡು ಕರು ಹುಟ್ಟದಂತೆಯೇ ಮಾಡುವ ವಿದ್ಯೆ ಬಂದಿದೆಯಲ್ಲ ಎಂದು ತಿಳಿದವರು ಹೇಳುತ್ತಾರೆ. ಬಂದಿದೆ, ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣು ಕರುಗಳೇ ಹುಟ್ಟುವಂತೆ ವೀರ್ಯವನ್ನು ಬೇರ್ಪಡಿಸಿ ಕೊಡುತ್ತಾರೆ, ಸರಕಾರ ಅದಕ್ಕೆ ಪ್ರೋತ್ಸಾಹವನ್ನೂ ನೀಡುತ್ತಿದೆ. ಬೇಡದ ಕರುಗಳ ಸಂಖ್ಯೆ ಇದರಿಂದ ತಗ್ಗಿದರೆ ಸಂತೋಷ. ಆದರೆ ಹುಟ್ಟಿದ ಹೆಣ್ಣು ಕರುವಿಗೂ ತಾಯಿ ಬೇಡವೆ? ಹಾಗೆಯೇ ಕಾನೂನನ್ನು ತೋರಿಸುವವರಿದ್ದಾರೆ. ಮಹಾರಾಷ್ಟ್ರದಲ್ಲಿ ೨೦೧೫ರಿಂದ ಹೋರಿ ಎತ್ತುಗಳ ವಧೆಯೂ ನಿಷಿದ್ಧ. ಕೊಲ್ಲಬಾರದೆಂದು ಕಾನೂನು ಹೇಳಿತು. ಹಾಲುಣಿಸಿ ಸಾಕಬೇಕೆಂದು ಯಾರಿಗೂ ಹೇಳಲಿಲ್ಲ. ಕಟುಕನ ಕತ್ತಿಯಿಂದ ಪಾರಾದ ಕರು ಹಸಿವಿನಿಂದ ರಸ್ತೆಯಲ್ಲಿ ಸತ್ತರೆ ಅದು ಗೋರಕ್ಷಣೆಯಾಗುವುದಿಲ್ಲ.

ಹಾಗಾದರೆ ನಾವು ಮಾಡುವುದೇನು? ಮನೆಮನೆಯಲ್ಲಿ ಎಮ್ಮೆ ಕಟ್ಟಲು ಸಾಧ್ಯವಿಲ್ಲವೆಂಬುದು ನನಗೂ ಗೊತ್ತು. ಮಾಡಬಹುದಾದ ಮೂರು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ಬಿಡಿ ಹಾಲು ಕೊಳ್ಳುವವರು ಭಯ್ಯಾನನ್ನೋ ತಬೇಲಾದ ಯಜಮಾನನನ್ನೋ ಕೇಳಬೇಕು: ಕರುಗಳು ಎಷ್ಟಿವೆ? ಎಲ್ಲಿವೆ? ಎಷ್ಟು ತಿಂಗಳು ತಾಯಿಯ ಬಳಿ ಬಿಡುತ್ತೀರಿ? ಒಂದು ಮನೆಯವರು ಕೇಳಿದರೆ ಆತ ನಕ್ಕಾನು. ಒಂದು ಕಟ್ಟಡದ ಇಪ್ಪತ್ತು ಮನೆಯವರು ಕೇಳಿ, “ಕರು ಉಳಿಸಿಕೊಂಡರೆ ಬೆಲೆ ಹೆಚ್ಚು ಕೊಡುತ್ತೇವೆ” ಎಂದರೆ ಆತ ಲೆಕ್ಕ ಹಾಕುತ್ತಾನೆ. ವ್ಯಾಪಾರಿಗೆ ನೀತಿಯ ಪಾಠಕ್ಕಿಂತ ಗಿರಾಕಿಯ ಮಾತು ಬೇಗ ಅರ್ಥವಾಗುತ್ತದೆ.

ಎರಡನೆಯದು ನಮ್ಮ ಹೋಟೆಲು ಬಂಧುಗಳಿಗೆ. ಈ ನಗರದ ಉಡುಪಿ ಹೋಟೆಲುಗಳಿಗೆ ದಿನವೂ ಬೇಕಾಗುವ ಹಾಲು ಅಷ್ಟಿಷ್ಟಲ್ಲ. ಸಗಟು ಗಿರಾಕಿಯ ಒಂದು ಷರತ್ತಿಗೆ ನೂರು ಮನೆಗಳ ಷರತ್ತಿನ ತೂಕವಿದೆ. ಕರುಗಳನ್ನು ಸಾಕುವವರಿಂದ ಮಾತ್ರ ಹಾಲು ಕೊಳ್ಳುತ್ತೇವೆಂದು ಹತ್ತು ಹೋಟೆಲಿನವರು ಒಟ್ಟಾಗಿ ಹೇಳಿದರೂ ಸಾಕು, ಸುದ್ದಿ ತಬೇಲಾದಿಂದ ತಬೇಲಾಕ್ಕೆ ಹಬ್ಬುತ್ತದೆ. ಹಿಂದಿನ ತಲೆಮಾರಿನಲ್ಲಿ ದಕ್ಷಿಣ ಕನ್ನಡದಿಂದ ಬಂದ ಎಷ್ಟೋ ಹುಡುಗರು ಹತ್ತು ಹನ್ನೆರಡರ ವಯಸ್ಸಿಗೆ ತಾಯಿಯ ಮಡಿಲು ಬಿಟ್ಟು ಇಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಹೋಟೆಲುಗಳನ್ನು ಕಟ್ಟಿದರು. ಹೊಟ್ಟೆಪಾಡಿಗಾಗಿ ತಾಯಿಯನ್ನು ಅಗಲುವುದೆಂದರೇನೆಂದು ಆ ಮನೆತನಗಳಿಗೆ ನಾನು ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದು ಸಂಘದ ಕೆಲಸ. ಚೀಲದ ಹಾಲು ಬರುವುದು ಬಹುಪಾಲು ಹಳ್ಳಿಗಳಿಂದ. ನಗರದಲ್ಲಿ ಎಮ್ಮೆ ಕಟ್ಟುವುದಕ್ಕಿಂತ ಹಳ್ಳಿಯಲ್ಲಿ ಕರೆದ ಹಾಲನ್ನು ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸುಗಳಿಗೆ ತರುವುದೇ ಮೇಲೆಂಬ ತಿಳಿವಳಿಕೆಯಿಂದ ೧೯೭೦ರಲ್ಲಿ ಆಪರೇಷನ್ ಫ್ಲಡ್ ಆರಂಭವಾಯಿತು. ಆ ಹಳ್ಳಿಯ ಕೊಟ್ಟಿಗೆಯಲ್ಲಿ ಕರುವಿಗೆ ಇನ್ನೂ ಸ್ವಲ್ಪ ಜಾಗವಿದೆ. ಅದು ಉಳಿಯುವಂತೆ ನೋಡಿಕೊಳ್ಳಬೇಕು. ಸಹಕಾರಿ ಹಾಲು ಒಕ್ಕೂಟಗಳು ಕೊಬ್ಬು ಅಳೆದು ರೈತನಿಗೆ ಬೆಲೆ ಕೊಡುತ್ತವೆ. ಕರುವನ್ನು ಮೂರು ತಿಂಗಳು ತಾಯಿಯ ಬಳಿ ಬಿಟ್ಟ ರೈತನಿಗೆ ಲೀಟರಿಗೆ ಇಷ್ಟು ಹೆಚ್ಚು ಎಂದು ಏಕೆ ಕೊಡಬಾರದು? ಅಂಥ ಹಾಲನ್ನು ಬೇರೆ ಚೀಲದಲ್ಲಿ, ಬೇರೆ ಬೆಲೆಯಲ್ಲಿ ಮಾರಿದರೆ ಕೊಳ್ಳಲು ನಾವು ಸಿದ್ಧ ಎಂದು ಹೊರನಾಡಿನ ಕನ್ನಡ ಸಂಘಗಳೆಲ್ಲ ಒಕ್ಕೂಟಗಳಿಗೆ ಬರೆಯಬಹುದು. ಭಾಷೆಗಾಗಿ ಎಷ್ಟೋ ಮನವಿಗಳನ್ನು ಬರೆದ ಕೈಗಳಿಗೆ ಇದೊಂದು ಹೆಚ್ಚಲ್ಲ. ಊರಿನ ಮನೆಯಲ್ಲಿ ಇಂದಿಗೂ ಹಸು ಕಟ್ಟಿರುವವರು ಅಣ್ಣನಿಗೋ ಭಾವನಿಗೋ ಈ ಮಾತನ್ನು ಫೋನಿನಲ್ಲೇ ಹೇಳಬಹುದು.

ಇದರಿಂದ ಜಗತ್ತಿನ ಹಿಂಸೆಯೆಲ್ಲ ನಿಂತುಹೋಗುತ್ತದೆಂಬ ಭ್ರಮೆ ನನಗಿಲ್ಲ. ಮೂರು ತಿಂಗಳು ಉಂಡ ಗಂಡು ಕರುವಿನ ಮುಂದಿನ ಗತಿಯೇನೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಬೇರೆಯೇ ಚರ್ಚೆ ಬೇಕು. ಆದರೆ ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲವೆಂದು ಸಣ್ಣ ನ್ಯಾಯವನ್ನೂ ಮುಂದೂಡುವುದು ಸೋಮಾರಿಗಳ ತರ್ಕ. ಕರುವಿನ ಬಾಯಿಂದ ಕಸಿದದ್ದನ್ನು ದೇವರ ಮುಂದಿಟ್ಟರೆ ಅದು ನೈವೇದ್ಯವಾಗುತ್ತದೆಯೇ ಎಂಬುದನ್ನು ಭಕ್ತರು ಯೋಚಿಸಲಿ. ದೇವರನ್ನು ನಂಬದವರು ಸಾಲದ ಭಾಷೆಯಲ್ಲಿ ಯೋಚಿಸಲಿ: ನಾವು ಕುಡಿಯುತ್ತಿರುವುದು ಇನ್ನೊಬ್ಬರ ಪಾಲು. ರೂಪಾಯಿಗೆ ಹದಿನೆಂಟು ಪೈಸೆ ಅದರ ಬಡ್ಡಿಯೂ ಅಲ್ಲ, ಅಸಲಿನ ಮೊದಲ ಕಂತು.